ದೀಪದ ಕಂಬ ಆರಿತೋ, ಇಲ್ಲವೋ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಬಡಿಯಿತು. ಹಳೆಯ ಫಿಲ್ಮು ಕೆಡತೊಡಗಿದಾಗ ಬರುವ ವಾಸನೆ ಅದು. ಚಲನಚಿತ್ರಗಳ ಸಂಗ್ರಹಾಲಯದಲ್ಲಿ ನನ್ನ ಕೆಲಸವೇ ಇಂಥ ಡಬ್ಬಿಗಳನ್ನು ಎಲ್ಲರಿಗಿಂತ ಮೊದಲು ತೆರೆಯುವುದು. ಎಲ್ಲಿ ಹರಿದಿದೆ, ಎಲ್ಲಿ ಗೀರು ಬಿದ್ದಿದೆ, ಎಲ್ಲಿ ಬೂಷ್ಟು ಹಿಡಿದಿದೆ ಎಂದು ನೋಡಿ ಬರೆಯುವುದು. ಏನೋ ಕೆಟ್ಟಿರಬೇಕು ಎಂದು ಸದಾ ಶಂಕಿಸುವ ನನ್ನಂಥವಳಿಗೆ ಹೇಳಿ ಮಾಡಿಸಿದ ಕೆಲಸ. ಈ ಗುಣಕ್ಕೆ ಮನೆಯಲ್ಲಿ ಬೈಸಿಕೊಳ್ಳುತ್ತೇನೆ, ಇಲ್ಲಿ ಸಂಬಳ ತೆಗೆದುಕೊಳ್ಳುತ್ತೇನೆ.

ಮುಚ್ಚಿಹೋದ ಯಾವುದೋ ಶಾಲೆಯ ಉಗ್ರಾಣದಿಂದ ಬಂದ ಪೆಟ್ಟಿಗೆಯಲ್ಲಿ ಈ ಡಬ್ಬಿಯೊಂದಕ್ಕೇ ಹೆಸರಿನ ಚೀಟಿ ಇರಲಿಲ್ಲ. ಕೈಗವಸು ಹಾಕಿಕೊಂಡು ಫಿಲ್ಮಿನ ತುದಿಯನ್ನು ಬೆಳಕಿನ ಗಾಜಿನ ಮೇಲೆ ಎಳೆದೆ. ಮೊದಲ ಚೌಕದಲ್ಲಿ ಒಂದು ಗುಡ್ಡ. ಗುಡ್ಡದ ಮೇಲೆ ಒಂದು ಬೀದಿದೀಪದ ಕಂಬ. ಅದರ ಬೆಳಕಿನಲ್ಲಿ ರೆಕ್ಕೆಯಂಚು ಹರಿದ ಒಂದು ಪತಂಗ.

ನಾನು ಕುರ್ಚಿಯಿಂದ ಎದ್ದು ನಿಂತೆ. ಯಾಕೆ ಎದ್ದೆನೋ ತಿಳಿಯದೆ ಮತ್ತೆ ಕೂತೆ. ಅದು ನಮ್ಮ ಕಂಬಣ್ಣ. ಕೊನೆಯ ರೀಲು.

ಕಂಬಣ್ಣನ ಚಿತ್ರವನ್ನು ನೋಡಿದವರು ಬಹಳ ಜನರಿಲ್ಲ. ಕೈಯಲ್ಲಿ ಬರೆದು, ಬಣ್ಣ ಹಚ್ಚಿ ಮಾಡಿದ ಹಳೆಯ ಕಾರ್ಟೂನ್ ಚಿತ್ರ. ಒಂದು ಬೀದಿದೀಪಕ್ಕೆ ನಕ್ಷತ್ರ ನೋಡಬೇಕೆಂಬ ಆಸೆ. ಆದರೆ ತನ್ನ ಬೆಳಕೇ ಅಡ್ಡ. ಒಂದು ಸಂಜೆ ಅದು ಬುಡದ ಸಿಮೆಂಟಿನ ಗಡ್ಡೆಯ ಸಮೇತ ಕಿತ್ತುಕೊಂಡು ಊರು ಬಿಟ್ಟು ಹೊರಡುತ್ತದೆ. ಇರುವುದು ಒಂದೇ ಕಾಲು. ಟಕ್ ಎಂದು ಒಂದು ನೆಗೆತ, ಸರ್ರ್ ಎಂದು ಗಡ್ಡೆ ಎಳೆದ ಸದ್ದು. ಎಲ್ಲಿಗೆ ಹೋದರೂ ತನ್ನ ಬೆಳಕು ತನ್ನ ಜೊತೆಯೇ ಬರುತ್ತದೆ. ದಾರಿಯಲ್ಲಿ ಗಂಟುಬಿದ್ದ ಪತಂಗವೂ ಬರುತ್ತದೆ. ಕಂಬಕ್ಕೆ ಕಣ್ಣು ಬರೆದಿಲ್ಲ, ಬಾಯಿ ಬರೆದಿಲ್ಲ, ಒಂದು ಮಾತೂ ಇಲ್ಲ. ಬೆಳಕು ಕೊಂಚ ಮಂಕಾದರೆ ದುಃಖ, ಕೊಂಚ ಹೆಚ್ಚಾದರೆ ಸಂತೋಷ, ಅಷ್ಟೇ. ಮೂತಿಯೇ ಇಲ್ಲದ್ದನ್ನು ಮಕ್ಕಳು ಹೇಗೆ ಮೆಚ್ಚಬೇಕು ಎಂದು ಆಗಿನ ಪತ್ರಿಕೆಗಳು ಗೇಲಿ ಮಾಡಿದವಂತೆ. ಚಿತ್ರ ಬಂದಷ್ಟೇ ಬೇಗ ಹೋಯಿತು. ನಮಗೆ ಮಾತ್ರ ಆ ಮೂತಿಯಿಲ್ಲದ ಕಂಬ ತಲೆ ತಗ್ಗಿಸಿದರೆ ಸಾಕು, ಎಲ್ಲ ಅರ್ಥವಾಗುತ್ತದೆ.

ನಾವು ಅಂದರೆ ಕಂಬದ ಬಳಗ. ಶುರು ಮಾಡಿದವರು ನನ್ನ ಸೋದರಮಾವ ಮತ್ತು ಅತ್ತೆ. ಮಾವ ದರ್ಜಿ, ಬಳಗದವರ ಬಾಯಲ್ಲಿ ಮಾಸ್ಟ್ರು. ಯಾರೋ ಗುಜರಿಗೆ ಹಾಕಲಿದ್ದ ಪ್ರೊಜೆಕ್ಟರನ್ನೂ ಅದರ ಜೊತೆ ಸಿಕ್ಕ ಈ ಚಿತ್ರವನ್ನೂ ಮದುವೆಯಾದ ಹೊಸದರಲ್ಲಿ ಮನೆಗೆ ಹೊತ್ತು ತಂದವರು. ಸಿಕ್ಕಿದ್ದು ಎರಡೇ ರೀಲು. ಕಂಬಣ್ಣ ಗುಡ್ಡ ಹತ್ತಿ ನಿಂತು, ಮೋಡ ಸರಿದು, ಇನ್ನೇನು ಎನ್ನುವಾಗ ಫಿಲ್ಮು ಮುಗಿದು ಪರದೆ ಬೆಳ್ಳಗಾಗುತ್ತದೆ. ಮೂರನೆಯದನ್ನು ಎಲ್ಲೆಲ್ಲಿ ಹುಡುಕಿದರೂ ಸಿಗಲಿಲ್ಲ.

ಹಾಗಾಗಿ ನಮ್ಮಲ್ಲೊಂದು ಪದ್ಧತಿ ಬೆಳೆಯಿತು. ವರ್ಷಕ್ಕೊಮ್ಮೆ, ಒಂದು ಭಾನುವಾರ ಮಧ್ಯಾಹ್ನ, ಕಿಟಕಿಗೆ ಕಪ್ಪು ಪರದೆ ಎಳೆದ ಕೋಣೆಯಲ್ಲಿ ಎಲ್ಲರೂ ಸೇರಿ ಎರಡು ರೀಲು ನೋಡುತ್ತೇವೆ. ಪರದೆ ಬೆಳ್ಳಗಾದ ಕೂಡಲೇ ಮಾವ ಪ್ರೊಜೆಕ್ಟರಿನ ದೀಪ ಆರಿಸುತ್ತಾರೆ. ಕತ್ತಲೆಯಲ್ಲಿ ಅತ್ತೆ ಕೊನೆಯನ್ನು ಹೇಳುತ್ತಿದ್ದರು. ಅವರು ವ್ಯಾಯಾಮದ ಟೀಚರು. ಮೈದಾನದ ಆ ತುದಿಗೆ ಕೇಳಿಸುವ ಗಂಟಲನ್ನು ಆ ಹೊತ್ತಿಗೆ ಮಾತ್ರ ತಗ್ಗಿಸುತ್ತಿದ್ದರು. ಅವರ ಕಥೆಯಲ್ಲಿ ಕಂಬಣ್ಣ ಎಂದೂ ಆರುತ್ತಿರಲಿಲ್ಲ. ಪತಂಗ ಬೆಳಕಿನ ಆಚೆಗೆ ಹಾರಿಹೋಗಿ, ನಕ್ಷತ್ರಗಳನ್ನು ನೋಡಿ, ವಾಪಸ್ಸು ಬಂದು ವರದಿ ಒಪ್ಪಿಸುತ್ತಿತ್ತು. ಪ್ರತಿವರ್ಷ ಹೊಸ ವರದಿ. ಒಂದು ನಕ್ಷತ್ರಕ್ಕೆ ಜ್ವರ ಬಂದ ಹಾಗಿದೆ, ಇನ್ನೊಂದು ಪಕ್ಕದವನ ಜಾಗಕ್ಕೆ ಒತ್ತಿಕೊಂಡು ಕೂತಿದೆ, ಹೀಗೆ.

ಮಾವ ಮಾತ್ರ ಒಪ್ಪುತ್ತಿರಲಿಲ್ಲ. ಅತ್ತೆಯ ಕಥೆ ಮುಗಿಯುವುದನ್ನೇ ಕಾಯುತ್ತಿದ್ದು ಜಗಳ ತೆಗೆಯುತ್ತಿದ್ದರು.

"ನಕ್ಷತ್ರ ನೋಡ್ಬೇಕು ಅಂದ್ರೆ ಆರಲೇಬೇಕು ಕಣೇ. ಬೇರೆ ದಾರಿ ಇಲ್ಲ."

"ಆರಿದ ದೀಪಕ್ಕೆ ಏನ್ರೀ ಕಾಣುತ್ತೆ? ಆರಿದ್ಮೇಲೆ ಅದು ಬರೀ ಕಬ್ಬಿಣ."

"ಬೇರೆಯವರು ನೋಡಿ ಹೇಳಿದ್ರೆ ಅದು ನೋಡಿದ ಹಾಗಾ?"

"ಮತ್ತೆ? ಇಷ್ಟು ವರ್ಷ ಅಂಗಡಿ ಬಿಟ್ಟು ಅಲ್ಲಾಡದೆ ಊರ ಸುದ್ದಿಯೆಲ್ಲಾ ನಿಮಗೆ ಹೇಗೆ ಗೊತ್ತಾಗ್ತಿದೆ? ನಾನು ಹೋಗಿ ನೋಡ್ಕೊಂಡು ಬಂದು ಹೇಳೋದಕ್ಕೆ ತಾನೇ?"

ಎಲ್ಲರೂ ನಗುತ್ತಿದ್ದರು. ಬಳಗ ಎರಡು ಪಕ್ಷವಾಗಿ ಹೋಗಿತ್ತು. ಆರಿತು ಎನ್ನುವವರು ಮಾವನ ಕಡೆ, ಆರಲಿಲ್ಲ ಎನ್ನುವವರು ಅತ್ತೆಯ ಕಡೆ. ಕೈ ಎತ್ತಿಸಿದರೆ ಗೆಲ್ಲುತ್ತಿದ್ದುದು ಅತ್ತೆಯೇ. ಕೈ ಎತ್ತದವರನ್ನು ಶಾಲೆಯಲ್ಲಿ ನೋಡುವ ಹಾಗೆ ನೋಡುತ್ತಿದ್ದರಲ್ಲ, ಅದೂ ಒಂದು ಕಾರಣ.

ಅತ್ತೆ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಈ ಸಲದ ಭಾನುವಾರ ಹತ್ತಿರ ಬಂದಿತ್ತು. ಕೊನೆಯನ್ನು ಯಾರು ಹೇಳಬೇಕು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ಈ ಡಬ್ಬಿ ನನ್ನ ಮೇಜಿಗೆ ಬಂತು.

ರೀಲನ್ನು ಪ್ರೊಜೆಕ್ಟರಿಗೆ ಹಾಕುವ ಹಾಗಿರಲಿಲ್ಲ. ಫಿಲ್ಮು ಒಣಗಿ ಕುಗ್ಗಿತ್ತು. ಅಂಚಿನ ತೂತುಗಳು ಯಂತ್ರದ ಹಲ್ಲಿಗೆ ಕೂರುತ್ತಿರಲಿಲ್ಲ. ಬಲವಂತ ಮಾಡಿದರೆ ಚೂರುಚೂರಾಗುತ್ತಿತ್ತು. ಕೈಯಲ್ಲಿ ನಿಧಾನವಾಗಿ ಸುತ್ತುತ್ತಾ ಗಾಜಿನ ಮೇಲೆ ಒಂದೊಂದೇ ಚೌಕ ನೋಡಬಹುದಿತ್ತು, ಅಷ್ಟೇ. ನೋಡಿದೆ.

ಕಂಬಣ್ಣ ಗುಡ್ಡದ ಮೇಲೆ ನಿಂತಿದೆ. ಬೆಳಕು ಕೊಂಚ ತಗ್ಗುತ್ತದೆ. ಇನ್ನೂ ತಗ್ಗುತ್ತದೆ. ಪತಂಗ ಗಾಜಿಗೆ ಅಂಟಿಕೊಳ್ಳುತ್ತದೆ. ದೀಪದ ಗಾಜಿನೊಳಗೆ ಕೆಂಪಗೆ ಒಂದು ಎಳೆ ಉಳಿಯುತ್ತದೆ. ಆಮೇಲೆ ಅದೂ ಇಲ್ಲ.

ಬರೀ ಕಪ್ಪು. ಸುತ್ತಿದೆ, ಸುತ್ತಿದೆ, ಕಪ್ಪೇ. ಇಲ್ಲಿಂದ ಮುಂದೆ ಫಿಲ್ಮು ಹಾಳಾಗಿದೆ ಎಂದೇ ಎಣಿಸಿದೆ. ಆಗ ಒಂದು ಚೌಕದ ಮೇಲ್ಮೂಲೆಯಲ್ಲಿ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಕಂಡಿತು. ನಾನು ನಂಬಲಿಲ್ಲ. ಕಪ್ಪು ಫಿಲ್ಮಿನ ಮೇಲೆ ಗೀರು ಬಿದ್ದರೂ ಬೆಳಕು ತೂರಿ ಹೀಗೇ ಕಾಣುತ್ತದೆ. ಗೀರಾದರೆ ಮುಂದಿನ ಚೌಕದಲ್ಲಿ ಇರುವುದಿಲ್ಲ, ಇದ್ದರೂ ಬೇರೆಲ್ಲೋ ಇರುತ್ತದೆ. ಕಲಾವಿದರು ಬರೆದದ್ದಾದರೆ ಅಲ್ಲೇ ನಿಂತಿರುತ್ತದೆ. ಮುಂದಿನ ಚೌಕ ನೋಡಿದೆ. ಅಲ್ಲೇ ಇತ್ತು. ಅದರ ಮುಂದಿನದರಲ್ಲೂ ಅಲ್ಲೇ. ಆಮೇಲೆ ಅದರ ಪಕ್ಕ ಇನ್ನೊಂದು. ಅದೂ ಅಲ್ಲಾಡಲಿಲ್ಲ.

ಅಲ್ಲಿಗೆ ನಿಂತಿತು. ರೀಲಿನ ಒಳಗಿನ ಸುತ್ತುಗಳು ತೇವ ಕುಡಿದು ಒಂದಕ್ಕೊಂದು ಅಂಟಿ ಹಲಗೆಯಂತೆ ಗಟ್ಟಿಯಾಗಿದ್ದವು. ಬಿಡಿಸಲು ಹೋದರೆ ಚಿತ್ರವೇ ಕಿತ್ತುಬರುತ್ತದೆ. ಸಾಧಾರಣ ಹೆಬ್ಬೆರಳಿನಷ್ಟು ದಪ್ಪ. ಅದರೊಳಗೆ ಏನಿದೆಯೋ ಯಾರಿಗೂ ತಿಳಿಯುವಂತಿಲ್ಲ.

ಆದರೆ ಇಷ್ಟು ತಿಳಿಯಿತು. ಕಂಬಣ್ಣ ಆರಿತ್ತು. ಮಾವ ಗೆದ್ದಿದ್ದರು.

ಕೆಲಸ ಮುಗಿಸಿ ನೇರ ಅವರ ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮಾವ ಕೋಟಿನ ತೋಳೊಂದನ್ನು ಯಂತ್ರದ ಕೆಳಗೆ ತಿರುಗಿಸುತ್ತಿದ್ದರು. ಬಾಯಲ್ಲಿ ಗುಂಡುಪಿನ್ನು. ಗೋಡೆಯ ಮೊಳೆಯಲ್ಲಿ ಅತ್ತೆಯ ಸೀಟಿ ಇನ್ನೂ ನೇತಾಡುತ್ತಿತ್ತು.

"ಬಾರೇ ಗಾಬರಿ," ಎಂದರು. ಅತ್ತೆ ಇಟ್ಟ ಹೆಸರು ಅದು. "ಮುಖ ಯಾಕೆ ಹಾಗಿದೆ? ಮತ್ತೆ ಗ್ಯಾಸ್ ಆಫ್ ಮಾಡಿದ್ನೋ ಇಲ್ವೋ ಅಂತಾನಾ?"

"ಮಾವ, ಮೂರನೇ ರೀಲು ಸಿಕ್ಕಿದೆ."

ಅವರು ಪೆಡಲಿನಿಂದ ಕಾಲು ತೆಗೆದರು. ಯಂತ್ರ ನಿಂತಿತು. ಬಾಯಿಂದ ಒಂದೊಂದೇ ಪಿನ್ನು ತೆಗೆದು ದಿಂಬಿಗೆ ಚುಚ್ಚಿದರು. ಅಷ್ಟು ಹೊತ್ತೂ ನನ್ನನ್ನು ನೋಡಲಿಲ್ಲ.

"ನೋಡಿದ್ಯಾ?"

"ನೋಡಿದೆ. ಪೂರ್ತಿ ಅಲ್ಲ. ಒಳಗಿನ ಸುತ್ತು ಅಂಟಿಕೊಂಡಿವೆ. ಯಂತ್ರಕ್ಕೂ ಹಾಕೋ ಹಾಗಿಲ್ಲ. ಆದ್ರೆ..."

"ಸಾಕು. ಹೇಳ್ಬೇಡ."

"ಮಾವ..."

"ಹೇಳ್ಬೇಡ ಅಂದೆ. ನಿನ್ನ ಮುಖದಲ್ಲೇ ಗೊತ್ತಾಗ್ತಿದೆ, ಅದನ್ನೂ ಆ ಕಡೆ ತಿರುಗಿಸು."

ನಾನು ನಿಜವಾಗಿಯೂ ಬಾಗಿಲ ಕಡೆ ತಿರುಗಿ ನಿಂತೆ. ಬೀದಿಯಲ್ಲಿ ಒಬ್ಬಾಕೆ ಸೈಕಲ್ಲಿನ ಚೈನು ಕೂರಿಸುತ್ತಿದ್ದಳು. ಬೆನ್ನ ಹಿಂದೆ ಮಾವನ ಮಾತು ಕೇಳಿಸಿತು.

"ಅವಳ ಹತ್ರ ನಾನು ಯಾವತ್ತಾದ್ರೂ ಯಾವ ಜಗಳದಲ್ಲಾದ್ರೂ ಗೆದ್ದಿದ್ದು ನೋಡಿದೀಯಾ? ಇಲ್ಲ. ಅವಳಿದ್ದಾಗ ಒಂದು ಸಲ ಗೆದ್ದಿದ್ರೆ ಊರಿಗೆಲ್ಲಾ ಸಿಹಿ ಹಂಚ್ತಿದ್ದೆ. ಈಗ ಅವಳು ಬಾಯಿ ಬಿಡೋ ಹಾಗಿಲ್ಲ. ಈಗ ಗೆದ್ರೆ ಅದು ಗೆಲುವಾ? ಇದೊಂದರಲ್ಲಿ ನನ್ನ ಗೆಲ್ಲಿಸ್ಬೇಡ ಮಗಳೇ. ಬೇರೆ ಏನು ಬೇಕಾದ್ರೂ ಹೇಳು."

ನಾನು ತಿರುಗಿ ನೋಡಿದೆ. ಅವರು ಅಷ್ಟರಲ್ಲಿ ಮತ್ತೆ ಯಂತ್ರ ತುಳಿಯತೊಡಗಿದ್ದರು. ಹೊಲಿಗೆ ಸೊಟ್ಟಗೆ ಹೋಗುತ್ತಿತ್ತು. ನನಗೆ ಕಾಣುತ್ತಿತ್ತು, ಹೇಳಲಿಲ್ಲ.

ಸುದ್ದಿ ಮುಚ್ಚಿಡಲು ಆಗಲಿಲ್ಲ. ಬಂದ ಡಬ್ಬಿಗಳ ವಿವರವನ್ನು ಸಂಗ್ರಹಾಲಯದ ಫಲಕಕ್ಕೆ ಹಾಕುತ್ತಾರೆ. ಅದನ್ನು ಯಾರೂ ಓದುವುದಿಲ್ಲ, ನಮ್ಮ ಬಳಗದ ಪ್ರಾಣಿ ಡಾಕ್ಟರೊಬ್ಬರನ್ನು ಬಿಟ್ಟು. ಅವರು ಆರಿತು ಪಕ್ಷದ ಕಟ್ಟಾ ಮನುಷ್ಯ. ಮರುದಿನವೇ ನನ್ನ ಮೇಜಿನ ಮುಂದೆ ಬಂದು ನಿಂತರು. ಅಂಗಿಯ ಮೇಲೆಲ್ಲಾ ಬೆಕ್ಕಿನ ಕೂದಲು.

"ತೋರಿಸಿ."

"ತೋರಿಸೋ ಹಾಗಿಲ್ಲ ಡಾಕ್ಟರೇ. ಇನ್ನೊಂದು ಸಲ ಬಿಚ್ಚಿದ್ರೆ ಪುಡಿಯಾಗುತ್ತೆ. ಮೇಲಧಿಕಾರಿಗಳಿಗೆ ಬರೆದು ಹಾಕಿದೀನಿ, ಡಬ್ಬಿ ಈಗ ತಣ್ಣನೆ ಕೋಣೆಯಲ್ಲಿದೆ, ಬೀಗ ಹಾಕಿದೆ."

"ಅಂದ್ರೆ ಲೋಕದಲ್ಲಿ ಈ ಕೊನೆ ನೋಡಿರೋರು ನೀವೊಬ್ಬರೇನಾ?"

"ಸದ್ಯಕ್ಕೆ."

"ಹಾಗಾದ್ರೆ ಭಾನುವಾರ ನೀವೇ ಹೇಳ್ಬೇಕು." ಅವರ ಕಣ್ಣುಗಳು ಹೊಳೆಯುತ್ತಿದ್ದವು. "ಒಂದು ಮಾತು ಈಗಲೇ ಹೇಳಿಬಿಡಿ. ಆರಿತು ತಾನೇ?"

"ಭಾನುವಾರ," ಎಂದೆ.

"ಮುಖ ನೋಡಿದ್ರೆ ಆರಿದೆ."

ನನ್ನ ಮುಖದ ಬಗ್ಗೆ ನನಗೆ ಅಂದು ಬಹಳ ಸಿಟ್ಟು ಬಂತು.

ಉಳಿದ ದಿನಗಳನ್ನು ಹೇಗೆ ಕಳೆದೆನೋ. ಸುಳ್ಳು ಹೇಳುವುದು ಎಷ್ಟು ಸುಲಭ ಎಂದು ಮತ್ತೆ ಮತ್ತೆ ಅನಿಸುತ್ತಿತ್ತು. ರೀಲು ಬೀಗದೊಳಗಿದೆ. ಸಾಕ್ಷಿ ನಾನೊಬ್ಬಳೇ. ಬೆಳಕು ತಗ್ಗುತ್ತಾ ಬಂತು, ಅಲ್ಲಿಗೆ ಫಿಲ್ಮು ಅಂಟಿಕೊಂಡಿತ್ತು ಎಂದರೆ ಮುಗಿಯಿತು. ಅದು ಪೂರ್ತಿ ಸುಳ್ಳೂ ಅಲ್ಲ. ಅಂಟಿದ್ದು ಕೊಂಚ ಮುಂದೆ, ಅಷ್ಟೇ. ಆದರೆ ಒಂದು ಗೀರನ್ನೂ ಬಿಡದೆ ಬರೆದಿಡುವುದೇ ನನ್ನ ಬಾಳಾಗಿದೆ. ಆ ಎರಡು ಚುಕ್ಕೆಗಳು ಅಲ್ಲಾಡದೆ ನಿಂತಿದ್ದನ್ನು ನಾನು ಕಂಡಿದ್ದೆ. ಯಾರೋ ಕೂತು, ಒಂದೊಂದು ಚೌಕಕ್ಕೂ ಅದೇ ಜಾಗ ನೋಡಿ ಇಟ್ಟ ಚುಕ್ಕೆಗಳು. ಅವು ಇರಲೇ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಮಾವನ ಸೊಟ್ಟ ಹೊಲಿಗೆ ನೆನಪಾದರೆ ಇದ್ದವು ಎನ್ನಲೂ ಬರುತ್ತಿರಲಿಲ್ಲ.

ಭಾನುವಾರ ಸಂಗ್ರಹಾಲಯದಲ್ಲಿ ನಾವು ಸೇರುವ ಸಣ್ಣ ಕೋಣೆ ತುಂಬಿಹೋಯಿತು. ಕೊನೆಯ ರೀಲಿನ ಸುದ್ದಿ ಕೇಳಿ, ಸಾಮಾನ್ಯವಾಗಿ ಬರದವರೂ ಬಂದಿದ್ದರು. ನಮ್ಮಲ್ಲಿ ಒಬ್ಬರನ್ನೊಬ್ಬರು ಕಂಡರೆ "ಉರೀತಿದೀರಾ?" ಎಂದು ಕೇಳುವ ರೂಢಿ.

"ಉರೀತಿದೀರಾ ಡಾಕ್ಟರೇ?" ಎಂದರು ಬೇಕರಿಯಮ್ಮ. ಬೀದಿ ತಿರುವಿನಲ್ಲಿ ಅವರ ಬೇಕರಿ. ಆರಲಿಲ್ಲ ಪಕ್ಷದಲ್ಲಿ ಅತ್ತೆಯ ಬಲಗೈ.

"ಹೊಟ್ಟೆ ಉರೀತಿದೆ. ಮುಂದಿನ ಸಾಲು ಪೂರ್ತಿ ನಿಮ್ಮ ಪಕ್ಷದವರೇ ಹಿಡ್ಕೊಂಡಿದೀರಿ."

"ಇವತ್ತು ಸೋಲೋರು ಹಿಂದೆ ಕೂತ್ರೇ ಕ್ಷೇಮ. ಬಾಗಿಲು ಹತ್ರ."

ಮಾವ ಯಾರ ಜೊತೆಯೂ ಮಾತಾಡದೆ ಪ್ರೊಜೆಕ್ಟರಿಗೆ ಫಿಲ್ಮು ಪೋಣಿಸುತ್ತಿದ್ದರು. ಸೂಜಿಗೆ ದಾರ ಪೋಣಿಸುವವರು ಮಾಡುವ ಹಾಗೆ ತುದಿಯನ್ನು ತುಟಿಯ ಹತ್ತಿರ ತಂದು, ನೆನಪಾಗಿ ನಿಲ್ಲಿಸಿದರು. ಕಿಟಕಿಯ ಪರದೆ ಎಳೆದರು. ಟಕ್, ಸರ್ರ್ ಎಂದು ಕಂಬಣ್ಣ ಹೊರಟಿತು. ಸೇತುವೆಯ ಮೇಲೆ ಅದು ಜಾರುವಾಗ ಎಲ್ಲರೂ ಒಟ್ಟಿಗೆ "ಮೆಲ್ಲಗೆ!" ಎಂದರು, ಎಂದಿನಂತೆ. ಪತಂಗದ ರೆಕ್ಕೆ ಬೇಲಿಗೆ ಸಿಕ್ಕಿ ಹರಿದಾಗ ಹಿಂದಿನ ಸಾಲಿನಲ್ಲಿ ಯಾರೋ ಮೂಗೆಳೆದರು. ಗುಡ್ಡ ಬಂತು. ಮೋಡ ಸರಿಯಿತು. ಪರದೆ ಬೆಳ್ಳಗಾಯಿತು.

ಮಾವ ದೀಪ ಆರಿಸಿದರು.

ಪ್ರತಿವರ್ಷ ಈ ಕತ್ತಲೆಯಲ್ಲಿ ಅತ್ತೆ ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಆ ಕೆಮ್ಮಿನ ಜಾಗ ಖಾಲಿ ಹೋಯಿತು. ಎಲ್ಲರಿಗೂ ಅದು ಗೊತ್ತಾಯಿತು. ನಾನು ಎದ್ದೆ.

"ನಾನು ಕಂಡದ್ದನ್ನು ಮಾತ್ರ ಹೇಳುತ್ತೇನೆ," ಎಂದೆ. ನನ್ನ ದನಿ ವರದಿ ಬರೆಯುವವಳ ದನಿಯೇ ಆಗಿತ್ತು. "ಕಂಬಣ್ಣ ಗುಡ್ಡದ ಮೇಲೆ ನಿಂತಿದೆ. ಪತಂಗ ಜೊತೆಗಿದೆ. ಬೆಳಕು ಕೊಂಚ ತಗ್ಗುತ್ತದೆ. ಇನ್ನೂ ತಗ್ಗುತ್ತದೆ. ಪತಂಗ ಗಾಜಿಗೆ ಅಂಟಿಕೊಳ್ಳುತ್ತದೆ. ಕೆಂಪಗೆ ಒಂದು ಎಳೆ ಮಾತ್ರ ಉಳಿಯುತ್ತದೆ."

ಅಲ್ಲಿ ನಿಲ್ಲಿಸಿದೆ. ಇಲ್ಲಿಗೆ ಅಂಟಿಕೊಂಡಿತ್ತು ಎನ್ನಬೇಕು, ಕೂತುಬಿಡಬೇಕು. ಬಾಯಿ ತೆರೆದೆ. ಮತ್ತೆ ಮುಚ್ಚಿದೆ.

"ಹೇಳು," ಎಂದಿತು ಕತ್ತಲೆಯಲ್ಲಿ ಮಾವನ ದನಿ.

"ಮಾವ..."

"ಅರ್ಧಕ್ಕೆ ನಿಲ್ಲಿಸಿದ್ರೆ ನಿಮ್ಮತ್ತೆ ಸುಮ್ಮನೆ ಬಿಡ್ತಿದ್ಲಾ? ಮೈದಾನ ಸುತ್ತು ಹೊಡೆಸ್ತಿದ್ಲು. ಹೇಳು. ನಾನು ಹಿಡ್ಕೊಂಡು ನಿಂತಿದೀನಿ."

ಏನನ್ನು ಹಿಡಿದುಕೊಂಡು ನಿಂತಿದ್ದರೋ ಕಾಣುತ್ತಿರಲಿಲ್ಲ. ಹೇಳಿದೆ.

"ಆಮೇಲೆ ಆ ಎಳೆಯೂ ಇಲ್ಲ. ಕಂಬಣ್ಣ ಆರಿತು. ಬಹಳ ಉದ್ದಕ್ಕೆ ಬರೀ ಕಪ್ಪು. ಆಮೇಲೆ ಒಂದು ನಕ್ಷತ್ರ. ಗೀರಲ್ಲ, ಪರೀಕ್ಷೆ ಮಾಡಿದೆ. ಅದರ ಪಕ್ಕ ಇನ್ನೊಂದು. ಅಲ್ಲಿಂದಾಚೆಗೆ ಫಿಲ್ಮು ಅಂಟಿ ಗಟ್ಟಿಯಾಗಿದೆ. ಅದರೊಳಗೆ ಏನಿದೆಯೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ."

ಡಾಕ್ಟರು ತಡೆದುಕೊಳ್ಳಲಾರದೆ ಕೈ ತಟ್ಟಿದರು.

"ಆರಿತು! ನಾನು ಹೇಳ್ಲಿಲ್ವಾ? ಇಷ್ಟು ವರ್ಷ ಆಯ್ತು ಗೆಲ್ಲೋಕೆ! ಮಾಸ್ಟ್ರೇ, ಗೆದ್ರಿ!" ಹೇಳಿದ ಮೇಲೆ ಅವರಿಗೇ ಏನೋ ಆಯಿತು. "ಅಂದ್ರೆ... ನಾನು ಹಾಗಲ್ಲ..." ಎಂದು ತಡವರಿಸಿದರು.

ಬೇಕರಿಯಮ್ಮ ಅಳುತ್ತಿದ್ದುದು ಕೇಳಿಸಿತು. ನಾನು ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿದ್ದೆ. ನನ್ನ ಕೈಯಾರೆ ಮಾವನನ್ನು ಗೆಲ್ಲಿಸಿಬಿಟ್ಟಿದ್ದೆ.

"ಗಾಬರಿ," ಎಂದರು ಮಾವ. "ಆ ಕಪ್ಪಿನಲ್ಲಿ ಪತಂಗ ಕಂಡಿತಾ?"

"ಇಲ್ಲ ಮಾವ. ಕಪ್ಪಿನಲ್ಲಿ ಏನೂ ಕಾಣಲಿಲ್ಲ."

"ಬಿದ್ದಿದ್ದು ಕಂಡಿತಾ? ಸತ್ತಿದ್ದು?"

"ಇಲ್ಲ."

"ಹಾಂ." ಪ್ರೊಜೆಕ್ಟರಿನ ಪೆಟ್ಟಿಗೆ ಸರಿಸಿದ ಸದ್ದಾಯಿತು. ಅವರು ಮುಂದೆ ಬರುತ್ತಿದ್ದರು, ಮೊಣಕಾಲಿಗೆ ಕುರ್ಚಿಗಳನ್ನು ತಾಗಿಸಿಕೊಳ್ಳುತ್ತಾ. "ಡಾಕ್ಟರೇ, ಗೆದ್ದೆ ಅಂತೀರಲ್ಲ, ಮೊದಲು ಇದಕ್ಕೆ ಉತ್ತರ ಕೊಡಿ. ದೀಪ ಆರಿದ್ಮೇಲೆ ಪತಂಗ ಎಲ್ಲಿಗೆ ಹೋಯ್ತು?"

"ಅಲ್ಲೇ ಇರುತ್ತೆ. ಕತ್ತಲೆ, ಕಾಣಲ್ಲ."

"ಬೆಳಕಿಲ್ಲದ ಕಡೆ ಪತಂಗಕ್ಕೇನ್ರೀ ಕೆಲಸ? ನೀವು ಪ್ರಾಣಿ ಡಾಕ್ಟರಾ, ಪ್ಲಂಬರಾ?"

ಯಾರೋ ನಕ್ಕರು. ಆ ಬೈಗುಳ ಅತ್ತೆಯದು. ಅದನ್ನು ಹೇಳುವ ಧಾಟಿಯೂ.

"ಅದು ಹಾರಿಹೋಗಿದೆ," ಎಂದರು ಮಾವ. "ಯಾಕೆ ಹೋಗಿದೆ? ನೋಡಿ ಬಂದು ಹೇಳೋಕೆ. ನೋಡಿದ್ಮೇಲೆ ವಾಪಸ್ ಬರ್ಬೇಕು. ವಾಪಸ್ ಬರೋಕೆ ದಾರಿ ಕಾಣ್ಬೇಕು. ದಾರಿ ಕಾಣ್ಬೇಕು ಅಂದ್ರೆ ಕಂಬಣ್ಣ ಮತ್ತೆ ಹತ್ತಿಕೊಳ್ಳಲೇಬೇಕು. ಆ ಅಂಟಿಕೊಂಡಿರೋದರೊಳಗೆ ಅದೇ ಇರೋದು."

"ಮಾಸ್ಟ್ರೇ, ನೀವು ನಮ್ಮ ಪಕ್ಷ ಅಲ್ವಾ?" ಡಾಕ್ಟರ ದನಿ ಅಳುವಂತಿತ್ತು.

"ಇದ್ದೆ. ಈಗ ಆ ಕಡೆ ಒಂದು ಜಾಗ ಖಾಲಿ ಇದೆ."

ಬೇಕರಿಯಮ್ಮ ಮೂಗೆಳೆದದ್ದು ಕೇಳಿಸಿತು.

"ಇದು ಮೋಸ," ಎಂದರು ಡಾಕ್ಟರು ಕೊನೆಗೆ, ಸ್ವಲ್ಪ ಗಟ್ಟಿಯಾಗಿ. "ಆರಿದ್ದಕ್ಕೆ ಸಾಕ್ಷಿ ಇದೆ. ಹತ್ತಿದ್ದಕ್ಕೆ ಎಲ್ಲಿದೆ ಸಾಕ್ಷಿ?"

"ಹತ್ತಲಿಲ್ಲ ಅನ್ನೋದಕ್ಕೆ ಇದೆಯಾ? ತೋರ್ಸಿ."

"ಹತ್ತಿದ್ರೆ ನಕ್ಷತ್ರ ಹೋಯ್ತಲ್ಲ! ಅಷ್ಟು ದೂರ ಒಂಟಿಕಾಲಲ್ಲಿ ಬಂದಿದ್ದು ಯಾತಕ್ಕೆ?"

"ಅದಕ್ಕೇ ಅಂದೆನಲ್ಲ, ಪತಂಗ ಹೇಳುತ್ತೆ ಅಂತ. ಬಾಯಿ ಮುಚ್ಕೊಂಡು ಕೇಳಿ."

"ಹಾಗೆ ಹೇಳಿ ಮಾಸ್ಟ್ರೇ!" ಎಂದರು ಬೇಕರಿಯಮ್ಮ.

ಎರಡು ಸಾಲಿನವರೂ ಒಟ್ಟಿಗೆ ಮಾತಾಡತೊಡಗಿದರು. ಯಾರೋ ಕೈ ಎತ್ತಿಸಿ ಎಂದರು. ಕತ್ತಲೆಯಲ್ಲಿ ಎಣಿಸೋದು ಯಾರು ಎಂದು ಇನ್ನಾರೋ ಕೂಗಿದರು. ನಾನು ಗೋಡೆ ತಡವುತ್ತಾ ಸ್ವಿಚ್ಚಿನ ಹತ್ತಿರ ಹೋದೆ. ಹಾದಿಯಲ್ಲಿ ವಯಸ್ಸಾದವರಿದ್ದಾರೆ, ಎಡವಿಯಾರು ಎಂಬ ಭಯ ನನಗೆ. ಬೆರಳು ಸ್ವಿಚ್ಚಿಗೆ ತಾಗಿದಾಗ ಮಾವ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಜಗಳ ಬಿಟ್ಟರೆ, ಎಂದೂ ನಾಲ್ಕು ಜನರ ಮುಂದೆ ನಿಂತು ಕಥೆ ಹೇಳಿದವರಲ್ಲ.

"ಒಂದನೇ ನಕ್ಷತ್ರ..." ಎಂದು ಶುರುಮಾಡಿದರು. ನಿಲ್ಲಿಸಿ ನನ್ನ ಕಡೆಗೆ, "ಲೈಟ್ ಹಾಕ್ಬೇಡ ಮಗಳೇ, ಸ್ವಲ್ಪ ತಡಿ," ಎಂದರು.